ಎಡದಿಂದ ಬಲಕ್ಕೆ ಹದಿನಾಲ್ಕು

ಅನ್ಯಾಯಕ್ಕೂ ಒಂದು ಮಿತಿ ಬೇಡವೇ? ಭಾನುವಾರ ಬೆಳಗ್ಗೆ ರವೀಂದ್ರನಗರದ ತಮ್ಮ ಮನೆಯ ವರಾಂಡದಲ್ಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಕಾಂತರಾಜ್ ಪೇಪರ್ ಬಿಡಿಸಿದರೆ, ಪದಬಂಧದ ಒಂದು ಸಾಲು ಆಗಲೇ ತುಂಬಿಹೋಗಿತ್ತು. ಅದೂ ಪೆನ್ಸಿಲ್ಲಿನಲ್ಲಿ!

"ಯಾರಿದು?" ಎಂದು ಅವರು ಕೂಗಿದ ಕೂಗಿಗೆ ಎದುರುಮನೆಯ ನಾಯಿ ಎದ್ದು ನಿಂತಿತು. (ಮನೆಯಲ್ಲಿ ಇರುವುದೇ ಇಬ್ಬರು. ಆದರೂ ವಿಚಾರಣೆ ಎಂದಮೇಲೆ ಕ್ರಮಪ್ರಕಾರ ನಡೆಯಬೇಕು.)

"ನಾನೇ ಕಣ್ರೀ," ಎಂದು ಅಡುಗೆಮನೆಯಿಂದ ಹೆಂಡತಿ ಯಶೋಧರಾ ಒಪ್ಪಿಕೊಂಡರು. "ಹಾಲಿನವನಿಗೆ ಕಾಯ್ತಾ ಗೇಟ್ ಹತ್ರ ನಿಂತಿದ್ದೆ. ಕಣ್ಣಿಗೆ ಬಿತ್ತು, ಬರೆದೆ. ಅದಕ್ಕೆ ಊರಿಗೆಲ್ಲ ಕೇಳೋ ಹಾಗೆ ಕೂಗ್ಬೇಕಾ?"

"ನೈವೇದ್ಯಕ್ಕೆ ಮೊದಲೇ ಪಾಯಸದ ರುಚಿ ನೋಡ್ತಾರೇನೇ?"

"ಸಕ್ಕರೆ ಬದಲು ಉಪ್ಪು ಬಿದ್ದಿದ್ಯಾ ಅಂತ ಯಾರಾದ್ರೂ ನೋಡ್ಬೇಕಲ್ಲ!"

ಇದು 'ಸೂರ್ಯನ ಇನ್ನೊಂದು ಹೆಸರು' ಎಂದು ಕೇಳುವ ಸಾಧಾರಣ ಪದಬಂಧವಲ್ಲ. ಗೂಢ ಪದಬಂಧ. ಇಲ್ಲಿ ಸುಳಿವು ಹೇಳುವುದೊಂದು, ಕೇಳುವುದೊಂದು. ಒಂದು ಪದದ ತಲೆ ತೆಗೆಯಬೇಕು, ಇನ್ನೊಂದನ್ನು ತಿರುಗಿಸಬೇಕು, ಮತ್ತೊಂದನ್ನು ಎರಡು ಪದಗಳ ನಡುವಿನಿಂದ ಹುಡುಕಿ ತೆಗೆಯಬೇಕು. ಕಾಂತರಾಜ್ ಮೂವತ್ತೊಂಬತ್ತು ವಾರಗಳಿಂದ ಒಂದೂ ತಪ್ಪಿಲ್ಲದೆ ಬಿಡಿಸಿ ಕಳಿಸಿದ್ದರು. ಇದು ನಲವತ್ತನೆಯದು.

ಬಿಡಿಸುವುದಕ್ಕೆ ಅವರದೇ ಒಂದು ಪದ್ಧತಿ ಇತ್ತು. ನೀಲಿ ಪೆನ್ನು ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುವುದು, ಸುಳಿವನ್ನು ಗಟ್ಟಿಯಾಗಿ ಓದುವುದು. (ಹೆಂಡತಿಗೂ ನಾಲ್ಕಕ್ಷರ ತಿಳಿಯಲಿ ಎಂಬ ದೊಡ್ಡ ಮನಸ್ಸಿನಿಂದ.) ಹೋದ ವಾರವೂ ಹಾಗೇ ಓದಿದ್ದರು: "ತಲೆ ಹೋದ ಅರಸ ನಿಂಬೆಹಣ್ಣಿನೊಳಗೆ ಸಿಕ್ಕಿದ. ಎರಡಕ್ಷರ."

ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದ ಯಶೋಧರಾ ತಲೆಯೆತ್ತದೆ, "ರಸ," ಎಂದಿದ್ದರು.

"ತಡಿ ಮಾರಾಯ್ತಿ! ಅದನ್ನೇ ಹೇಳೋಕೆ ಹೊರಟಿದ್ದೆ." ಆಮೇಲೆ ಹತ್ತು ನಿಮಿಷ ವಿವರಣೆ. ಅರಸನ ತಲೆ ಎಂದರೆ ಮೊದಲ ಅಕ್ಷರ 'ಅ', ಅದನ್ನು ಹಾರಿಸಿದರೆ ಉಳಿಯುವುದು ರಸ, ಇದರಲ್ಲಿ ರಾಜಪ್ರಭುತ್ವದ ಅವನತಿಯ ಸೂಚನೆಯೂ ಉಂಟು, ಇತ್ಯಾದಿ. ಒಗ್ಗರಣೆ ಸೀದುಹೋಗಿತ್ತು. ಅದಕ್ಕೂ ಅವರು ಹೆಂಡತಿಯನ್ನೇ ಬೈದಿದ್ದರು.

ಇಂಥ ಸಾಧಕರ ಪದಬಂಧಕ್ಕೆ ಪೆನ್ಸಿಲ್! ಎಡದಿಂದ ಬಲಕ್ಕೆ ಹದಿನಾಲ್ಕನೆಯ ಸುಳಿವು: 'ದೇವನ ಗರಿಯೊಳಗೆ ಅಡಗಿದ ಊರು (೩)'. ಯಶೋಧರಾ 'ನಗರಿ' ಎಂದು ಬರೆದಿದ್ದರು. ಕಾಂತರಾಜ್ ರಬ್ಬರ್ ಹುಡುಕಿ ತಂದು, ಕಾಗದ ಹರಿಯುವಷ್ಟು ಉಜ್ಜಿದರು.

"ನಗರಿ ಅಂತೆ ನಗರಿ! ಯಾವ ನಗರಿ? ಹೆಸರು ಬೇಡ್ವಾ? ನೋಡು, ಗರಿ ಅಂದ್ರೆ ತಾಳೆಗರಿ. ತಾಳೆಗರಿ ಅಂದ್ರೆ ವಿದ್ಯೆ. ವಿದ್ಯೆ ಅಂದ್ರೆ ಶಾರದೆ. ಶಾರದೆ ಅಂದ್ರೆ ಶೃಂಗೇರಿ! ಮೂರಕ್ಷರ!"

"ಮತ್ತೆ ದೇವ ಎಲ್ಲಿಗೆ ಹೋದ?"

"ದೇವರಿಲ್ಲದ ಊರೇನೇ ಶೃಂಗೇರಿ?"

"ಸರಿ, ಬರ್ಕೊಳ್ಳಿ. ನಂಗೇನು," ಎಂದು ಯಶೋಧರಾ ದೋಸೆ ಮಗುಚಿದರು.

ಅಷ್ಟಕ್ಕೇ ಮೇಷ್ಟ್ರ ಕೋಪ ಇಳಿಯಲಿಲ್ಲ. ಮುಂದಿನ ಭಾನುವಾರ ಭದ್ರಾವತಿಯಲ್ಲಿ ಅವರಿಗೆ ಸನ್ಮಾನವಿತ್ತು. ಯಶೋಧರಾರ ತಮ್ಮ, ಕಾರ್ಖಾನೆ ನೌಕರ ಧರ್ಮೇಂದ್ರ ಕಾರ್ಯದರ್ಶಿಯಾಗಿದ್ದ ಕನ್ನಡ ಸಂಘದವರು, ಸಭೆಯ ಮುಂದೆ ಹತ್ತು ಸುಳಿವು ಬಿಡಿಸಿ ವಿವರಿಸಿದರೆ ಶಾಲು ಹೊದಿಸಿ 'ಪದಬಂಧ ಚತುರ' ಎಂದು ಬಿರುದು ಕೊಡುವವರಿದ್ದರು. ಮದುವೆಯಾದ ಮೂವತ್ತು ವರ್ಷಗಳಲ್ಲಿ ಹೆಂಡತಿಯ ತವರಿನಲ್ಲಿ ಕಾಂತರಾಜ್‌ಗೆ ಸಿಕ್ಕಿದ್ದೆಲ್ಲ ಕಾಫಿ ಮಾತ್ರ. ಈಗ ಶಾಲು! ಆ ಶಾಲು ಹೊದ್ದು ಮೈದುನನ ಮುಂದೆ ಒಮ್ಮೆ ಓಡಾಡದಿದ್ದರೆ ಅವರ ಜನ್ಮ ಸಾರ್ಥಕವಾಗುವಂತಿರಲಿಲ್ಲ.

"ಸಭೆಗೆ ನೀನು ಬರಕೂಡದು," ಎಂದರು. "ಪೆನ್ಸಿಲ್ ಹಿಡ್ಕೊಂಡು ಬಂದು ನನ್ನ ಮರ್ಯಾದೆ ಕಳೀತೀಯ."

"ಸಭೆಗ್ಯಾರು ಬರ್ತಾರೆ? ಧರ್ಮೇಂದ್ರನ ಹೆಂಡ್ತಿದೇ ಅವತ್ತು ಅಡುಗೆ ಉಸ್ತುವಾರಿ. ನಾನು ಸೌತೆಕಾಯಿ ಹೆಚ್ಚೋಕೆ ಹೋಗ್ತೀನಿ. ತವರಿಗೆ ಹೋಗೋಕೂ ನಿಮ್ಮ ಅಪ್ಪಣೆ ಬೇಕಾ?"

ಅಂತೂ ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ, ಮಾತಿಲ್ಲದೆ ಭದ್ರಾವತಿ ತಲುಪಿದರು. ಬೆಳಗಿನ ಬಸ್ಸಿನ ಅವಸರದಲ್ಲಿ ಅಂದಿನ ಪೇಪರ್ ಗೇಟಿನಲ್ಲೇ ಉಳಿಯಿತು.

ಸಮುದಾಯ ಭವನದಲ್ಲಿ ನೂರು ಜನ ಸೇರಿದ್ದರು. ಧರ್ಮೇಂದ್ರ ಮೈಕಿನಲ್ಲಿ ಭಾವನನ್ನು ಹೊಗಳಿ, ಕಪ್ಪುಹಲಗೆಯ ಮೇಲೆ ಮೊದಲ ಸುಳಿವು ಬರೆದ: 'ಬಾಲ ಕತ್ತರಿಸಿಕೊಂಡ ಗಂಡಸು ಹೆಂಡತಿಯ ಪಾಲಿಗೆ ಸಿಕ್ಕವನು (೨)'.

ಕಾಂತರಾಜ್ ಗಟ್ಟಿಯಾಗಿ ಓದಿದರು. ಕಾದರು. ಮತ್ತೆ ಓದಿದರು. ಏನೋ ಕೊರತೆಯಾಗಿತ್ತು. ಏನೆಂದು ತಿಳಿಯಲಿಲ್ಲ. ಬಾಲ ಎಂದರೆ ಕೋತಿ, ಕೋತಿ ಎಂದರೆ ಕಿಷ್ಕಿಂಧೆ... ಎರಡಕ್ಷರಕ್ಕೆ ಇಳಿಯದು. ಬೆವರು ಕನ್ನಡಕದ ಮೇಲೆ ಬಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಬೇಕೆಂದೇ ಕೆಮ್ಮಿದ ಕೆಮ್ಮು. ಮೂರನೆಯ ಸಲ ಓದುವಾಗ ಕಾಂತರಾಜ್‌ರ ಕಾಲು ತಾನಾಗಿ ವೇದಿಕೆಯ ಪಕ್ಕದ ಬಾಗಿಲ ಕಡೆಗೆ ನಡೆಯಿತು. ಅದು ಭವನದ ಅಡುಗೆಮನೆಯ ಬಾಗಿಲು. ಮೈಕ್ ಕೈಯಲ್ಲೇ ಇತ್ತು.

"ಗಂಡ," ಎಂದಿತು ಒಳಗಿನಿಂದ ಒಂದು ಧ್ವನಿ, ಸೌತೆಕಾಯಿ ಹೆಚ್ಚುವ ಸದ್ದಿನೊಂದಿಗೆ.

"ತಡಿ ಮಾರಾಯ್ತಿ! ಅದನ್ನೇ ಹೇಳೋಕೆ ಹೊರಟಿದ್ದೆ!"

ಮೈಕಿನ ಕೃಪೆಯಿಂದ ಈ ಮಾತು ಸಭೆಗೆಲ್ಲ ಕೇಳಿತು. ಜನ ಬಿದ್ದು ಬಿದ್ದು ನಕ್ಕರು. ಕಾಂತರಾಜ್‌ಗೆ ನಗುವಿನ ಕಾರಣ ಹೊಳೆಯಲೇ ಇಲ್ಲ. ಅವರಾಗಲೇ 'ಗಂಡಸು' ಪದದ ಬಾಲವಾದ 'ಸು' ಕತ್ತರಿಸಿ, ಉಳಿದ ಗಂಡನ ಸ್ಥಿತಿಗತಿಯ ಬಗ್ಗೆ ಅಮೋಘವಾಗಿ ವಿವರಿಸತೊಡಗಿದ್ದರು. ಹತ್ತು ಸುಳಿವೂ ಹೀಗೇ ಮುಗಿದವು. ಬಾಗಿಲಿಗೆ ಒರಗಿ ಅವರು ಓದುವುದು, ಒಳಗಿನಿಂದ ಉತ್ತರ ಬರುವುದು, ಇವರು ವಿವರಿಸುವುದು.

ಕೊನೆಗೆ ಧರ್ಮೇಂದ್ರ ಶಾಲು ಬಿಡಿಸಿಕೊಂಡು ಬಂದ. ಕಾಂತರಾಜ್ ಬೆನ್ನು ಬಗ್ಗಿಸಿ ನಿಂತರು. ಅವನು ಅವರನ್ನು ದಾಟಿ ನೇರ ಅಡುಗೆಮನೆಗೆ ಹೋದ.

"ಕೈ ಒರೆಸ್ಕೋ ಅಕ್ಕ, ಶಾಲು ಹೊದಿಸ್ಬೇಕು," ಎಂದ. ಆಮೇಲೆ ಹೊರಗೆ ಬಂದು, "ಭಾವ, ಬೇಜಾರ್ ಮಾಡ್ಕೋಬೇಡಿ, ವಿವರಣೆ ಮಾತ್ರ ಫಸ್ಟ್ ಕ್ಲಾಸ್. ಬನ್ನಿ, ಕಾಫಿ ಕುಡೀರಿ," ಎಂದ.

ಮತ್ತೆ ಕಾಫಿ!

ವಾಪಸ್ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿದ್ದರಿಂದ ಮಾತಾಡಲೇಬೇಕಾಯಿತು. "ಇದು ಶುದ್ಧ ಸ್ವಜನಪಕ್ಷಪಾತ," ಎಂದು ಕಾಂತರಾಜ್ ಗುಡುಗಿದರು. "ತಮ್ಮ ಅಕ್ಕನಿಗೆ ಹೊದಿಸಿದ್ದು ಯಾವ ಸೀಮೆ ಸನ್ಮಾನ! ನಲವತ್ತನೇ ವಾರದ ಫಲಿತಾಂಶ ಇವತ್ತಿನ ಪೇಪರಲ್ಲಿ ಬಂದಿರುತ್ತೆ. ಎಲ್ಲಾ ಸರಿಯುತ್ತರ ಅಂತ ನನ್ನ ಹೆಸರಿರುತ್ತೆ, ನಿನ್ನದಲ್ಲ. ನೋಡ್ತಿರು."

"ನೋಡೋಣ ಬಿಡಿ," ಎಂದು ಯಶೋಧರಾ ಶಾಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡರು. ಕಿಟಕಿಯ ಗಾಳಿ ತಣ್ಣಗಿತ್ತು.

ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಕಾಂತರಾಜ್ ಪೇಪರ್ ಬಿಡಿಸಿದರು. ಎಲ್ಲ ಸರಿಯುತ್ತರದವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೆಳಗೆ ಸಣ್ಣಕ್ಷರದಲ್ಲಿತ್ತು: 'ಒಂದು ತಪ್ಪು: ಕಾಂತರಾಜ್, ರವೀಂದ್ರನಗರ.' ಅದರ ಪಕ್ಕದಲ್ಲಿ ಉತ್ತರಗಳು. ಎಡದಿಂದ ಬಲಕ್ಕೆ ಹದಿನಾಲ್ಕು: ನಗರಿ. 'ದೇವನ ಗರಿ' ಎಂಬಲ್ಲೇ 'ನ', 'ಗ', 'ರಿ' ಸಾಲಾಗಿ ಕೂತಿದ್ದವು. ನಲವತ್ತು ವಾರಗಳಲ್ಲಿ ಅವರು ಒಬ್ಬರೇ ಬಿಡಿಸಿದ ಸುಳಿವು ಅದೊಂದೇ.

ಆದರೆ ಕಾಂತರಾಜ್ ಸೋಲೊಪ್ಪುವ ಆಸಾಮಿಯೇ? ಅಲ್ಲೇ ಕೂತು ಸಂಪಾದಕರಿಗೆ ಪತ್ರ ಬರೆಯತೊಡಗಿದರು: 'ಮಾನ್ಯರೇ, ಶೃಂಗೇರಿಯಂಥ ಪುಣ್ಯಕ್ಷೇತ್ರವನ್ನು ತಪ್ಪೆಂದು ಸಾರಿದ ತಮ್ಮ ಕ್ರಮವನ್ನು ನಾನು ತೀವ್ರವಾಗಿ...'

ಪೆನ್ನು ನಿಂತಿತು. ಪದ ನಾಲಿಗೆಯ ತುದಿಯಲ್ಲಿತ್ತು, ಕೆಳಗೆ ಇಳಿಯಲೊಲ್ಲದು. ಎದ್ದು ಹೋಗಿ ಅಡುಗೆಮನೆಯ ಬಾಗಿಲಿಗೆ ಒರಗಿದರು.

"ಲೇ, ಒಪ್ಪಲ್ಲ ಅಂತ ಸಿಟ್ಟಿನಿಂದ ಹೇಳೋದಕ್ಕೆ ಒಂದು ಪದ ಇದೆಯಲ್ಲ... ಐದಕ್ಷರ... 'ಖ'ದಿಂದ ಶುರು..."

ಶಾಲು ಹೊದ್ದೇ ಅನ್ನಕ್ಕಿಡುತ್ತಿದ್ದ ಯಶೋಧರಾ ತಲೆಯೆತ್ತಲಿಲ್ಲ. "ಖಂಡಿಸುತ್ತೇನೆ," ಎಂದರು.

"ತಡಿ ಮಾರಾಯ್ತಿ!" ಎಂದು ಕಾಂತರಾಜ್ ಸಿಡುಕಿದರು. "ಅದನ್ನೇ ಬರೆಯೋಕೆ ಹೊರಟಿದ್ದೆ."