ಅಕ್ಕನ ಕವರು, ಪತ್ರಿಕೆಯ ಕವರು

ನನ್ನ ಕೆಲಸ ಹೋಗಬಹುದಿತ್ತು. ಕೆಲಸ ಹೋಗದಿದ್ದರೆ ಎಂಟನೇ ತರಗತಿ 'ಬಿ' ವಿಭಾಗಕ್ಕೆ ಖಾಯಂ ಕ್ಲಾಸ್ ಟೀಚರ್ ಮಾಡಿ ಕೂರಿಸಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಶಾಲೆಯ ಅಧ್ಯಕ್ಷರು ವಕೀಲರಿಂದ ನೋಟಿಸ್ ಕೊಡಿಸಬಹುದಿತ್ತು. ಆ ನೋಟಿಸಿನ ಸುದ್ದಿಯನ್ನು ಹರಿಹರದ ವರದಿಗಾರನಾದ ನಾನೇ ಬರೆದು ಕಳಿಸಬೇಕಾಗಿ ಬರಬಹುದಿತ್ತು. ಪತ್ರಿಕೆಯವರು ನನ್ನ ಗುರುತಿನ ಚೀಟಿ ಕಿತ್ತುಕೊಳ್ಳಬಹುದಿತ್ತು. ಹೆಂಡತಿ ತವರಿಗೆ ಹೋಗಬಹುದಿತ್ತು, ಅಲ್ಲಿ ನಮ್ಮ ಮಾವನವರು "ಹುಡುಗನ್ನ ನೋಡಾಕೆ ಹೋದಾಗ್ಲೇ ನಂಗೆ ಅನುಮಾನ ಇತ್ತು" ಎನ್ನಬಹುದಿತ್ತು. ಇಷ್ಟನ್ನೂ ನಾನು ಒಂದೇ ಸಂಜೆ, ಹರಿಹರದಿಂದ ದಾವಣಗೆರೆಗೆ ಹೋಗುವ ಬಸ್ಸಿನ ಅರ್ಧ ಗಂಟೆಯಲ್ಲಿ, ನಿಂತುಕೊಂಡೇ ಯೋಚಿಸಿ ಮುಗಿಸಿದೆ. ಚಿಂತೆ ಮಾಡುವುದರಲ್ಲಿ ನನ್ನದು ಪಳಗಿದ ಕೈ. ಬೇರೆಯವರು ಮಲಗುವ ಮುಂಚೆ ಬಾಗಿಲಿನ ಚಿಲಕ ಹಾಕಿದೆಯೇ ಎಂದು ನೋಡುತ್ತಾರೆ. ನಾನು ನೋಡಿ ಬಂದು ಮಲಗಿ, ನೋಡಿದ್ದು ಇವತ್ತೋ ನಿನ್ನೆಯೋ ಎಂದು ಅನುಮಾನ ಬಂದು, ಎದ್ದು ಇನ್ನೊಮ್ಮೆ ನೋಡುತ್ತೇನೆ. ಅಂಥವನು ಪಟ್ಟಿ ಮಾಡಿದ ಇಷ್ಟು ಅನಾಹುತಗಳಲ್ಲಿ ಒಂದೂ ನಡೆಯಲಿಲ್ಲವೆಂಬ ನೆಮ್ಮದಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಇಷ್ಟು ವರ್ಷಗಳ ಮೇಲೆ ಇದು ನೆನಪಾಗಲು ನನ್ನ ತಂಗಿಯ ಮಗಳು ಕಾರಣ. ಮೊನ್ನೆ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, "ಮಾಮಾ, ಇದಕ್ಕೆ ಬ್ಲಾಗು ಅಂತಾರೆ. ನಮಗೆ ತಿಳಿದದ್ದು ಬರೀಬಹುದು. ಸಂಪಾದಕರು ಅಂತ ಯಾರೂ ಇರಂಗಿಲ್ಲ. ಓದಿದೋರು ಕೆಳಗೆ ಕಾಮೆಂಟು ಹಾಕ್ತಾರೆ" ಎಂದಳು. "ಬೈದರೆ?" ಎಂದೆ. "ಬೈತಾರೆ. ಅದಕ್ಕೇ ಇರೋದು" ಎಂದಳು. ನಾನು ಬಹಳ ಗಂಭೀರವಾಗಿ, ಇದನ್ನು ತೊಂಬತ್ತೆಂಟರಲ್ಲೇ ಒಂದು ಅಂಚೆ ಚೀಟಿಯಲ್ಲಿ ಮಾಡಿ ಬಿಟ್ಟಿದ್ದೇನೆ ಎಂದೆ. ಅವಳು ನಂಬಲಿಲ್ಲ.

ನಿಜವಾಗಿಯೂ ಮಾಡುತ್ತಿದ್ದೆ. ಅದರ ಹೆಸರು 'ಮನೆ ಹಾಳೆ'. ತಿಂಗಳಿಗೊಮ್ಮೆ ನಾಲ್ಕೈದು ಪುಟ ನನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದು, ದಾವಣಗೆರೆಯ ವಿನೋಬನಗರದಲ್ಲಿದ್ದ ಅಕ್ಕನಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಅಕ್ಕ ಓದಿ, ಪುಟದ ಅಂಚಿನಲ್ಲಿ ತನ್ನ ಅಭಿಪ್ರಾಯ ಬರೆದು, ಕಡರನಾಯಕನಹಳ್ಳಿಯ ಸೋದರಮಾವನಿಗೆ ಕಳಿಸುತ್ತಿದ್ದಳು. ಮಾವ ಅಕ್ಕನ ಅಭಿಪ್ರಾಯದ ಮೇಲೂ ಒಂದು ಅಭಿಪ್ರಾಯ ಬರೆದು, ಸಂತೆಗೆ ಬಂದಾಗ ನಮ್ಮ ಮನೆಗೆ ತಂದು ಹಾಕುತ್ತಿದ್ದ. ಅಕ್ಕನ ಅಂಚಿನ ಬರಹದಲ್ಲಿ ಹೆಚ್ಚಾಗಿ ಕಷಾಯದ ವಿಧಾನಗಳಿರುತ್ತಿದ್ದವು, ಏಕೆಂದರೆ ನನ್ನ ಬರಹದಲ್ಲಿ ಹೆಚ್ಚಾಗಿ ಗ್ಯಾಸ್ಟ್ರಿಕ್ ಇರುತ್ತಿತ್ತು. ಮಾವ ಮಾತ್ರ ಚುಟುಕು: 'ಅಕ್ಷರ ತಿದ್ದು', 'ಇದು ಹೋದ ತಿಂಗಳೂ ಇತ್ತು', ಒಮ್ಮೆ ಇಡೀ ಪುಟದ ಮೇಲೆ ಅಡ್ಡಲಾಗಿ 'ಯಾಕ?'.

ಅದೇ ಕಾಲಕ್ಕೆ ನಾನು ಪತ್ರಕರ್ತನೂ ಆಗಿದ್ದೆ. ದಾವಣಗೆರೆ ಜಿಲ್ಲೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಅಲ್ಲಿನ ಒಂದು ದಿನಪತ್ರಿಕೆಯವರಿಗೆ ಹರಿಹರದಲ್ಲೊಬ್ಬ ವರದಿಗಾರ ಬೇಕಾಗಿದ್ದ. ಕೈಬರಹ ಗುಂಡಾಗಿದೆ ಎಂದು ಯಾರೋ ನನ್ನ ಹೆಸರು ಹೇಳಿದರು. ಹಗಲು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ಪಾಠ, ಸಂಜೆ ಪತ್ರಿಕೋದ್ಯಮ. ಪತ್ರಿಕೆಯವರು ಕೊಟ್ಟ ನ್ಯೂಸ್‌ಪ್ರಿಂಟ್ ಹಾಳೆಯಲ್ಲಿ ಸುದ್ದಿ ಬರೆದು, ಅವರದೇ ಹೆಸರು ಅಚ್ಚಾದ ಕವರಿನಲ್ಲಿ ಹಾಕಿ, ನಾಲ್ಕೂವರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ದಾವಣಗೆರೆ ಬಸ್‌ಸ್ಟ್ಯಾಂಡಿನ ಪೇಪರ್ ಏಜೆಂಟರ ಅಂಗಡಿಗೆ ಅದು ತಲುಪುತ್ತಿತ್ತು. ಮನೆ ಹಾಳೆಯನ್ನೂ ಅದೇ ನ್ಯೂಸ್‌ಪ್ರಿಂಟಿನಲ್ಲಿ ಬರೆಯುತ್ತಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ಹಾಳೆ ಒಂದೇ, ಪೆನ್ನು ಒಂದೇ, ಬರೆಯುವ ಕೈ ಒಂದೇ. ಆದರೆ ಬರೆಯುವವರು ಇಬ್ಬರು. ಪತ್ರಿಕೆಗೆ ಬರೆಯುವವನು ಯಾವ ಸಮಾರಂಭಕ್ಕೆ ಹೋದರೂ ಅದು ವಿಜೃಂಭಣೆಯಿಂದ ನಡೆಯುತ್ತಿತ್ತು, ಮಾತಾಡಿದವರೆಲ್ಲ ಅರ್ಥಗರ್ಭಿತವಾಗಿ ಮಾತಾಡುತ್ತಿದ್ದರು. ಮನೆ ಹಾಳೆಗೆ ಬರೆಯುವವನು ಅದೇ ಸಮಾರಂಭದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಿದ್ದ.

ಹೀಗಿರುವಾಗ ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಅರವತ್ತು ತುಂಬಿತು. ಅವರದು ಹರಿಹರದಲ್ಲಿ ದೊಡ್ಡ ಬಟ್ಟೆ ಅಂಗಡಿ. ನನಗೆ ಸಂಬಳ ಕೊಡುವವರು ಅವರೇ, ಬೇಡವೆನಿಸಿದ ದಿನ ನಿಲ್ಲಿಸುವವರೂ ಅವರೇ. ಶಾಲೆಯ ಅಂಗಳದಲ್ಲಿ ಸನ್ಮಾನ ಏರ್ಪಾಟಾಯಿತು. ಬೆಳಗಿನ ಸಮಾರಂಭ ಮುಗಿಸಿ ಮನೆಗೆ ಬಂದು, ಮೊದಲು ಸುದ್ದಿ ಬರೆದೆ: ದೀಪ ಬೆಳಗಿಸಿದವರು, ಹಾರ ಹಾಕಿದವರು, ವೇದಿಕೆಯ ಮೇಲಿದ್ದವರು, ಸ್ವಾಗತಿಸಿದವರು, ವಂದಿಸಿದವರು. ಮೈ ಹಗುರಾಯಿತು. ಆಮೇಲೆ ಮನೆ ಹಾಳೆ ತೆಗೆದು, ಅದೇ ಬಿಸಿಯಲ್ಲಿ ಉಳಿದದ್ದೆಲ್ಲ ಬರೆದೆ. ಅಧ್ಯಕ್ಷರಿಗೆ ಹೊದಿಸಿದ ಶಾಲು ಅವರ ಅಂಗಡಿಯದೇ ಆಗಿದ್ದು, ಬೆಲೆಯ ಚೀಟಿ ಅವರ ಬೆನ್ನ ಮೇಲೆ ಗಾಳಿಗೆ ಹಾರಾಡುತ್ತಿದ್ದದ್ದು. ಅವರ ಭಾಷಣ ಒಂದು ತಾಸು ಹತ್ತು ನಿಮಿಷ ನಡೆದದ್ದು. ಬಿಸಿಲಿನಲ್ಲಿ ಕೂತ ಮಕ್ಕಳು ಒಬ್ಬರ ನೆರಳಿನಲ್ಲಿ ಒಬ್ಬರು ಸರಿಯುತ್ತಿದ್ದದ್ದು. ಶಾಲೆಗೆ ಎರಡು ಕೊಠಡಿ ಕಟ್ಟಿಸಿಕೊಡುತ್ತೇನೆಂದು ಅವರು ಸಾರಿದಾಗ, ಹೋದ ವರ್ಷ ಸಾರಿದ ಎರಡು ಕೊಠಡಿಗಳ ಪಾಯ ಕೂಡ ತೋಡಿಲ್ಲವೆಂದು ನನಗೆ ನೆನಪಾದದ್ದು. ನೆನಪಾಗಿಯೂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನೇ ಆಗಿದ್ದದ್ದು. ಕೊನೆಗೆ ಮಂಡಕ್ಕಿ ಮೆಣಸಿನಕಾಯಿ ತಿಂದು ಹೊಟ್ಟೆ ಉಬ್ಬರಿಸಿದ್ದು.

ಬಸ್ಸಿಗೆ ಹೊತ್ತಾಗಿತ್ತು. ಪತ್ರಿಕೆಯ ಕವರಿಗೆ ಹಾಳೆ ತುರುಕಿ ಅಂಟಿಸಿಕೊಂಡು ಓಡಿದೆ. ಅಕ್ಕನ ಕವರನ್ನು ಅಂಟಿಸಿ ಪೆಟ್ಟಿಗೆಗೆ ಹಾಕಲು ಹೆಂಡತಿಗೆ ಹೇಳಿದೆ. ಕಂಡಕ್ಟರಿಗೆ ಕವರು ಕೊಟ್ಟು, ಬಸ್ಸು ಸೇತುವೆ ಕಡೆ ತಿರುಗುವ ತನಕ ನೋಡಿ, ಮನೆಗೆ ಬಂದು ಚಹಾ ಹಿಡಿದು ಕೂತೆ. ಹೆಂಡತಿ ಅಂಚೆ ಪೆಟ್ಟಿಗೆಯಿಂದ ಬಂದಳು.

"ರೀ, ಅಕ್ಕಾರಿಗೆ ಏನು ಬರ್ದೀರಿ ಈ ಸಲ? ಯಾರು ದೀಪ ಹಚ್ಚಿದ್ರು, ಯಾರು ಹಾರ ಹಾಕಿದ್ರು. ನನ್ನ ಸುದ್ದಿ ಒಂದು ಸಾಲೂ ಇಲ್ಲ. ಹೋಗ್ಲಿ, ನಿಮ್ಮ ಸುದ್ದೀನೂ ಇಲ್ಲ."

"ನೀನು ಓದಿದೆಯಾ?"

"ಓದದೆ ಹೆಂಗೆ ಅಂಟಿಸ್ಲಿ? ನನ್ನ ಬಗ್ಗೆ ಏನು ಬರ್ದೀರಿ ಅಂತ ನೋಡಬ್ಯಾಡವಾ? ಚಲೋ ಇತ್ತು ಬಿಡ್ರಿ. ಚಿಕ್ಕದಾಗಿತ್ತು."

ಚಹಾ ಕೆಳಗಿಟ್ಟೆ. ಸುದ್ದಿ ಅಕ್ಕನಿಗೆ ಹೋಗಿದ್ದರೆ, ಅಕ್ಕನಿಗೆ ಬರೆದದ್ದು ಎಲ್ಲಿಗೆ ಹೋಗಿದೆ ಎನ್ನುವುದಕ್ಕೆ ಹೆಚ್ಚು ಬುದ್ಧಿ ಬೇಕಾಗಿರಲಿಲ್ಲ. ಅಧ್ಯಕ್ಷರ ಶಾಲು, ಅಧ್ಯಕ್ಷರ ಭಾಷಣ, ಅಧ್ಯಕ್ಷರ ಕೊಠಡಿ, ನನ್ನ ಹೊಟ್ಟೆ, ಎಲ್ಲವೂ ಬಸ್ಸಿನಲ್ಲಿ ಕೂತು ಅಚ್ಚಾಗಲು ಹೊರಟಿದ್ದವು. ಎಸ್‌ಟಿಡಿ ಬೂತಿಗೆ ಓಡಿದೆ. ಬಾಗಿಲಲ್ಲೇ ನೆನಪಾಯಿತು, ಬೂತಿನವರು ಅಧ್ಯಕ್ಷರ ಷಡ್ಡಕರು. "ಬರ್ರಿ ಮೇಷ್ಟ್ರೇ, ಯಾರಿಗೆ ಫೋನ್ ಹಚ್ಚಬೇಕು?" ಎಂದರು. "ಯಾರಿಗೂ ಬ್ಯಾಡ, ಸುಮ್ನೆ ಬಂದೆ" ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ಓಡಿದೆ.

ದಾವಣಗೆರೆಯಲ್ಲಿಳಿದು ಏಜೆಂಟರ ಅಂಗಡಿಗೆ ಹೋದರೆ, ಕವರು ಆಗಲೇ ಕಚೇರಿಗೆ ಹೋಗಿತ್ತು. ಕಚೇರಿಯ ಮೆಟ್ಟಿಲು ಹತ್ತಿದೆ. ಉಪಸಂಪಾದಕ ಕೊಟ್ರೇಶಪ್ಪನವರು ಕೆಂಪು ಪೆನ್ನು ಹಿಡಿದು ಕೂತಿದ್ದರು. ತಾಲ್ಲೂಕುಗಳ ಸುದ್ದಿಯೆಲ್ಲ ಅವರ ಕೈ ಕೆಳಗೆ ಹಾದುಹೋಗಬೇಕು. ಬಾಯಲ್ಲಿ ಅಡಿಕೆ ಇದ್ದದ್ದರಿಂದ ಅವರು ಯಾವ ಮಾತನ್ನೂ ದುಂದು ಮಾಡುತ್ತಿರಲಿಲ್ಲ.

"ಬರ್ರಿ ಮೇಷ್ಟ್ರೇ, ಕೂಡ್ರಿ. ಏನು, ಸುದ್ದಿ ಬೆನ್ನಿಗೇ ಬಂದುಬಿಟ್ರಿ?"

"ಆ ಕವರು..."

"ಓದಿದೆ."

"ಪೂರ್ತಿ?"

"ನಮ್ಮ ಕೆಲಸನೇ ಅದಲ್ಲೇನ್ರಿ. ಹೊಟ್ಟೆ ಉಬ್ಬರ ಈಗ ಹೆಂಗೈತೆ?"

ನಾನು ಕೂತೆ. ಅದು ಸುದ್ದಿಯಲ್ಲ, ಅಕ್ಕನಿಗೆ ಬರೆದದ್ದು, ಸುದ್ದಿ ಅಕ್ಕನಿಗೆ ಹೋಗಿದೆ ಎಂದು ಹೇಗೋ ಹೇಳಿ ಮುಗಿಸಿದೆ. ಅವರು ನಗಲಿಲ್ಲ. "ಹೋಗ್ಲಿ ಬಿಡ್ರಿ. ಅಕ್ಕಾರಿಗೂ ಒಂದಿನ ಚಲೋ ನಿದ್ದೆ ಬರ್ಲಿ" ಎಂದು ನನ್ನ ಹಾಳೆಗಳನ್ನು ಮುಂದೆ ತಳ್ಳಿದರು. 'ನಾನು' ಇದ್ದ ಸಾಲುಗಳೆಲ್ಲ ಕೆಂಪಾಗಿದ್ದವು. 'ಅನಿಸಿತು' ಇದ್ದ ಸಾಲುಗಳೂ ಕೆಂಪಾಗಿದ್ದವು. ಒಂದು ಪುಟವಂತೂ ಪೂರ್ತಿ ಕೆಂಪು, ಅದು ಹೊಟ್ಟೆಯ ಪುಟ.

"ಶಾಲಿನ ಚೀಟಿ?" ಎಂದೆ.

"ತೆಗ್ದೀನಿ. ನೀವೊಬ್ರೇ ನೋಡೀರಿ. ಇನ್ನೊಬ್ರು ನೋಡೀನಿ ಅಂದಿದ್ರೆ ಇಡ್ತಿದ್ದೆ."

"ಭಾಷಣದ ಒಂದು ತಾಸು ಹತ್ತು ನಿಮಿಷ?"

"ಕೇಳಿದೋರಿಗೆ ಅದು ಗೊತ್ತೈತೆ. ಕೇಳದೋರಿಗೆ ಗೊತ್ತಾಗಿ ಏನಾಗಬೇಕು?"

ಕಡೆಗೆ ಉಳಿದದ್ದು ಎಂಟು ಸಾಲು. ಮೊದಲ ಆರು ಸಾಲು ಓದುತ್ತ ಹೋದಂತೆ ನನ್ನ ಕೆಲಸ, ಹೆಂಡತಿ, ಗುರುತಿನ ಚೀಟಿ ಒಂದೊಂದಾಗಿ ವಾಪಸು ಬಂದವು. ಕೊನೆಯ ಎರಡು ಸಾಲಿಗೆ ಬಂದಾಗ ಮತ್ತೆ ಹೊರಟುಹೋದವು: 'ಶಾಲೆಗೆ ಎರಡು ಕೊಠಡಿಗಳನ್ನು ಕಟ್ಟಿಸಿಕೊಡುವುದಾಗಿ ಅಧ್ಯಕ್ಷರು ಪ್ರಕಟಿಸಿದರು. ಕಳೆದ ವರ್ಷದ ವಾರ್ಷಿಕೋತ್ಸವದಲ್ಲಿಯೂ ಅವರು ಎರಡು ಕೊಠಡಿಗಳನ್ನು ಪ್ರಕಟಿಸಿದ್ದರು.'

"ಇದೊಂದು ಸಾಲು ತೆಗೀರಿ" ಎಂದೆ.

"ಸುಳ್ಳೇನು?"

"ಸುಳ್ಳಲ್ಲ. ಹೋದ ವರ್ಷ ವಂದನಾರ್ಪಣೆ ನಂದೇ ಇತ್ತು. ಎರಡೂ ಕೊಠಡಿಗೂ ಧನ್ಯವಾದ ಹೇಳೀನಿ."

"ಮತ್ತೆ? ಆ ಸುದ್ದಿ ನಮ್ಮ ಪೇಪರ್‌ನಾಗೂ ಬಂದೈತೆ, ಕಳ್ಸಿದೋರೂ ನೀವೇ." ಅವರು ಅಡಿಕೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಿಕೊಂಡರು. "ವರ್ಷದ ಮೇಲಾತು ಮೇಷ್ಟ್ರೇ, ನೀವು ನಮಗೆ ಬರ್ಯಾಕೆ ಹಿಡಿದು. ಸುದ್ದಿ ಅಂತ ಬಂದಿದ್ದು ಇದೊಂದೇ. ಉಳಿದವೆಲ್ಲ ಲಗ್ನಪತ್ರಿಕೆ ಇದ್ದಂಗಿದ್ವು."

ಪತ್ರಿಕೆಗೆಂದು ಕೂತಾಗ ಸಮಾರಂಭಕ್ಕೆ ಕರೆದವರಿಗೆ ಬೇಕಾದದ್ದನ್ನು ಬರೆಯುತ್ತಿದ್ದೆ, ಅಕ್ಕನಿಗೆಂದು ಕೂತಾಗ ಕಂಡದ್ದನ್ನು ಬರೆಯುತ್ತಿದ್ದೆ, ಇಷ್ಟು ಮಾತ್ರ ಆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು. ಸುದ್ದಿ ಎನ್ನುವುದು ಮನೆ ಹಾಳೆಯೊಳಗೇ ಇತ್ತು, ಅದರ ಮೇಲೆ ನಾನು ಕೂತಿದ್ದರಿಂದ ಕಾಣುತ್ತಿರಲಿಲ್ಲ. ಹೊಳೆದದ್ದರಿಂದ ಧೈರ್ಯವೇನೂ ಬರಲಿಲ್ಲ. ಆ ಸಾಲು ತೆಗೆಯಿರೆಂದು ಇನ್ನೂ ಎರಡು ಸಲ ಬೇಡಿಕೊಂಡೆ. ಅವರು ಚಹಾ ತರಿಸಿ ಕುಡಿಸಿ, ಕೊನೆಯ ಬಸ್ಸಿನ ತನಕ ಕಾಯಬೇಡಿರೆಂದು ಎಬ್ಬಿಸಿ ಕಳಿಸಿದರು.

ಮರುದಿನ ಎರಡನೇ ಪೀರಿಯಡ್ಡಿನಲ್ಲಿ ಅಧ್ಯಕ್ಷರ ಅಂಗಡಿಯಿಂದ ಕರೆ ಬಂತು. ಮಕ್ಕಳಿಗೆ ಅಶೋಕನ ಪಶ್ಚಾತ್ತಾಪ ಓದಿಕೊಳ್ಳಲು ಹೇಳಿ ಹೋದೆ. ಅಂಗಡಿಯ ಗಾದಿಯ ಮೇಲೆ ಪತ್ರಿಕೆ ಹರಡಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಎಂಟೇ ಸಾಲು ಬಂದೈತಲ್ರಿ ಮೇಷ್ಟ್ರೇ."

"ಜಾಹೀರಾತು ಜಾಸ್ತಿ ಇದ್ವಂತೆ ಸಾರ್."

"ಇರ್ಲಿ. ಬೆಳಿಗ್ಗೆಯಿಂದ ಫೋನ್ ಮೇಲೆ ಫೋನು. ಹೋದ ವರ್ಷದ್ದು ಎರಡು, ಈ ವರ್ಷದ್ದು ಎರಡು ಅಂತ ಎಲ್ಲಾರೂ ಕೂಡಿಸಿಕೊಂಡು ಕುಂತಾರೆ. ನಾಕು ಕೊಠಡಿ ಕಟ್ಟಸ್ತಾರೆ, ದೊಡ್ಡ ಮನಸು ಅಂತಿದ್ದಾರೆ." ಪತ್ರಿಕೆಯ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ನಾಕು ಅಂತ ನಾನು ಯಾವಾಗ ಅಂದೆ?"

"ಒಟ್ಟಿಗೆ ಅಂದಿಲ್ಲ ಸಾರ್. ಎರಡೆರಡಾಗಿ ಅಂದೀರಿ."

"ಈಗ ಇಲ್ಲ ಅಂತ ಹೆಂಗೆ ಅನ್ನೋದು? ಮೇಸ್ತ್ರಿಗೆ ಹೇಳಿ ಕಳ್ಸೀನಿ. ಮೊದ್ಲು ಎರಡು ಎಬ್ಬಿಸೋಣ." ಆಮೇಲೆ ಹಿಂದೆ ತಿರುಗಿ ಒಂದು ಟವೆಲ್ ತೆಗೆದು ನನ್ನ ಕೈಗಿಟ್ಟರು. "ಚಲೋ ಬರ್ದೀರಿ. ಎಲ್ಲೂ ನಿಮ್ಮದು ಅಂತ ಏನೂ ಸೇರಿಸಿಲ್ಲ."

ಎರಡು ಕೊಠಡಿ ಎದ್ದದ್ದು ನಿಜ. ಇವತ್ತಿಗೂ ಎಂಟನೇ 'ಬಿ' ಅಲ್ಲೇ ನಡೆಯುತ್ತದೆ. ನಾನು ಆ ಮಧ್ಯಾಹ್ನ ಮನೆಗೆ ಬಂದು, ತಿಂಗಳುಗಳಿಂದ ಹತ್ತಿರ ಸೇರಿಸದ ಬೆಳ್ಳುಳ್ಳಿ ಚಟ್ನಿ ಹಾಕಿಕೊಂಡು ಎರಡು ರೊಟ್ಟಿ ತಿಂದೆ. ಹೊಟ್ಟೆ ಉಬ್ಬರಿಸಲಿಲ್ಲ. ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದಂತಾಗಿ, ಬಾಗಿಲಿನ ಚಿಲಕವನ್ನೂ ನೋಡದೆ ಮಲಗಿದೆ. ಕೆಲಸ ಇತ್ತು, ಚೀಟಿ ಇತ್ತು, ಹೆಂಡತಿ ಪಕ್ಕದ ಕೋಣೆಯಲ್ಲೇ ಇದ್ದಳು.

ಹದಿನೈದು ದಿನ ಕಳೆದ ಮೇಲೆ ಸಂತೆಯ ದಿನ ಸೋದರಮಾವ ಬಂದು, ಅಕ್ಕನಿಗೆ ಹೋಗಿದ್ದ ಆ ಸುದ್ದಿಯ ಹಾಳೆಯನ್ನು ಜಗುಲಿಯ ಮೇಲಿಟ್ಟು ಹೋದ. ನಾನು ಅದನ್ನು ಮರೆತೇಬಿಟ್ಟಿದ್ದೆ. ಅಂಚಿನಲ್ಲಿ ಅಕ್ಕ ಬರೆದಿದ್ದಳು: 'ತಮ್ಮಾ, ಈ ಸಲದ್ದು ಓದಿ ಮನಸ್ಸಿಗೆ ಬಹಳ ಸಮಾಧಾನ ಆಯಿತು. ಪಕ್ಕದ ಮನೆಯವರಿಗೂ ಓದಿ ಹೇಳಿದೆ. ಇಷ್ಟು ದಿನದಲ್ಲಿ ಇದೇ ಚೆನ್ನಾಗಿದೆ.' ಕಷಾಯದ ಮಾತೇ ಇರಲಿಲ್ಲ. ಹೆಂಡತಿ ನನ್ನ ಭುಜದ ಮೇಲಿಂದ ಬಗ್ಗಿ ಅದನ್ನು ಓದಿ, "ನಾನು ಅವತ್ತೇ ಹೇಳ್ಲಿಲ್ಲೇನು?" ಎಂದಳು. ಹಾಳೆಯ ಕೆಳಗೆ ಮಾವನ ಅಕ್ಷರದಲ್ಲಿ ಎರಡು ಸಾಲಿತ್ತು. ನಾನು ಅದನ್ನು ಅವಳಿಗೆ ಕಾಣದಂತೆ ಮಡಿಚಿ ಜೇಬಿಗೆ ಹಾಕಿಕೊಂಡೆ. ಮಾವ ಬರೆದಿದ್ದ: 'ಮೊದಲ ಸಲ ಪೂರ್ತಿ ಓದಿದೆ. ಇದನ್ನು ಬರೆದವರು ಯಾರೋ, ಇನ್ನು ಮುಂದೆ ಅವರ ಕೈಲೇ ಬರೆಸು.'