ಮೆಸಯೀದ್ ಕಡಲತಡಿಯಲ್ಲಿ ನನ್ನ ಟವೆಲು

ಈ ಜನವರಿಯ ಎರಡನೆಯ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ನನ್ನ ಕ್ಯಾರವಾನ್ ಈ ಅರಬ್ ನಾಡಿನ ದಕ್ಷಿಣಕ್ಕಿರುವ ಮೆಸಯೀದ್ ಆಚೆಯ ಕಡಲತಡಿಯ ಕ್ಯಾಂಪ್ ಜಾಗದಿಂದ ಹೊರಟಿತು. ಶುಕ್ರವಾರ ನಾಲ್ಕಕ್ಕೆ ಮರಳಿದಾಗ ಆ ಜಾಗ ನಮ್ಮದಾಗಿರಲಿಲ್ಲ.

ಜಾಗದ ಪರವಾನಗಿ ನನ್ನ ಸಹೋದ್ಯೋಗಿ ಅಬು ಖಾಲಿದ್ ಅವರದು. ಚಳಿಗಾಲ ಮುಗಿಯುವವರೆಗೆ ಬಳಸಿಕೊಳ್ಳಿ ಎಂದು ಕೊಟ್ಟಿದ್ದರು. ಷರತ್ತು ಒಂದೇ: ಖಾಲಿ ಬಿಡಬಾರದು. ಶನಿವಾರ ಕಾರ್ಕಳದಿಂದ ಅತ್ತೆ ಬರುವವರಿದ್ದರು. ಸಮುದ್ರದ ಬದಿಯಲ್ಲಿ ಮಲಗಿ ಏಳಬೇಕೆಂಬುದು ಅವರ ಬಹುಕಾಲದ ಆಸೆ. ಹೆಂಡತಿ ಸುಜಾತಾ ಮಾತು ಕೊಟ್ಟಾಗಿತ್ತು.

ಆದರೆ ಚಕ್ರವಿರುವ ಮನೆಯನ್ನು ಎರಡು ತಿಂಗಳು ಒಂದೇ ಕಡೆ ನಿಲ್ಲಿಸುವುದು ನನ್ನ ವಿವೇಚನೆಗೆ ಒಪ್ಪಿಗೆಯಾಗಲಿಲ್ಲ. ಜಾಗ ಇಲ್ಲೇ ಇರಲಿ, ನಾವು ಉತ್ತರದ ಅಲ್ ಖೋರ್ ಕಡೆ ಒಂದು ಸುತ್ತು ಹೋಗಿ ಬರೋಣ ಎಂಬ ಯೋಜನೆಯನ್ನು ಮಂಡಿಸಿದೆ.

"ಖಾಲಿ ಬಿಡ್ಬೇಡಿ ಅಂತ ಹೇಳಿದ್ದಲ್ವಾ ಅವರು?" ಎಂದಳು ಸುಜಾತಾ.

"ಖಾಲಿ ಎಲ್ಲಿ ಬಿಡುದು?" ಎಂದು ನಾನು ನೀಲಿ ಗೆರೆಯ ಟವೆಲನ್ನು ಮರಳಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟೆ. ಪಕ್ಕದಲ್ಲಿ ಒಂದು ಬಕೆಟ್.

ನಾನು ಕಾರ್ಕಳ–ಮಂಗಳೂರು ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದು ಬೆಳೆದವನು. ಟವೆಲಿದ್ದ ಸೀಟಿನಲ್ಲಿ ಬೇರೆಯವರು ಕೂತದ್ದನ್ನು ಈವರೆಗೆ ಕಂಡಿಲ್ಲ.

ಪಕ್ಕದ ಕ್ಯಾಂಪಿನ ಯಜಮಾನ ಹಮೀದಾಕ ಪುತ್ತೂರಿನವರು. ಇಲ್ಲಿ ಇಪ್ಪತ್ತು ಚಳಿಗಾಲ ಕಂಡವರು. ಬೇಲಿಯಾಚೆಯಿಂದ ಇಣುಕಿದರು.

"ಎಂತದು ಶೆಟ್ರೆ, ಒಣಗ್ಲಿಕ್ಕೆ ಹಾಕಿದ್ದಾ?"

"ಅಲ್ಲ ಹಮೀದಾಕ, ರಿಸರ್ವೇಶನ್!"

"ಇದು ಬಸ್ಸಲ್ಲ ಮಾರಾಯ್ರೆ!"

ನಾನು ಹಾರ್ನ್ ಹೊಡೆದು ಹೊರಟೆ.

ಅಲ್ ಖೋರ್ ತಲುಪಿದಾಗ ಕ್ಯಾರವಾನಿನ ಒಂದು ಕಿಟಕಿ ಇರಲಿಲ್ಲ. ಅದರ ಕೊಂಡಿ ಹಾಕಬೇಕಾದವನು ನಾನೇ. ಒಳಗೆ ಎರಡು ಹಾಸಿಗೆ, ಒಂದು ಪಾತ್ರೆ ನೀರ್‌ದೋಸೆ ಹಿಟ್ಟು ಮತ್ತು ಅರ್ಧ ಮರುಭೂಮಿ. ಹಿಟ್ಟು ಹಾಸಿಗೆಯಲ್ಲಿತ್ತು. ಮರುಭೂಮಿ ಪಾತ್ರೆಯಲ್ಲಿತ್ತು. ಆ ರಾತ್ರಿ ಅಲ್ಲೇ ಇರುವ ಸುಜಾತಾಳ ತಂಗಿಯ ಮನೆಯಲ್ಲಿ ಉಳಿದೆವು.

ಶುಕ್ರವಾರ ಮಧ್ಯಾಹ್ನ ಉತ್ತರದ ಬೀಚಿನಲ್ಲಿ ಗಾಡಿ ನಿಲ್ಲಿಸಿ ಸ್ಟೌ ಹಚ್ಚಿದೆ. ಚಹಾ ಕುದಿಯುವ ಮೊದಲೇ ಕಾವಲುಗಾರ ಬಂದ. ಕ್ಯಾರವಾನಿಗೆ ಅಂಟಿಸಿದ್ದ ಕ್ಯಾಂಪ್ ನಂಬರನ್ನು ಎರಡು ಸಲ ಓದಿದ.

"ಯೇ ನಂಬರ್ ಸೌತ್ ಕಾ ಹೈ. ಇಧರ್ ಕ್ಯೂಂ?"

"ಟೂರಿಂಗ್," ಎಂದೆ, ಘನತೆಯಿಂದ.

"ಮಾಫಿ ಟೂರಿಂಗ್. ಯಲ್ಲಾ, ವಾಪಸ್!" ಟೂರಿಂಗ್ ಗೀರಿಂಗ್ ಇಲ್ಲ, ಹೊರಡಿ ಎಂದು ಅದರ ಅರ್ಥ.

ನಾವು ಹಿಂತಿರುಗುವ ಹೊತ್ತಿಗೆ ನಮ್ಮ ಜಾಗದಲ್ಲಿ ಟವೆಲೂ ಇಲ್ಲ, ಬಕೆಟೂ ಇಲ್ಲ. ಗೂಟದ ಮೇಲೆ ಪರವಾನಗಿ ರದ್ದತಿಯ ಚೀಟಿ ಇತ್ತು. ಹಮೀದಾಕ ಘಟನೆಯ ವಿವರ ನೀಡಿದರು.

"ಬೆಳಿಗ್ಗೆ ಚೆಕಿಂಗಿನವರು ಬಂದ್ರು. ಇಲ್ಲಿ ಯಾರೂ ಇಲ್ಲ, ಕಸ ಮಾತ್ರ ಇದೆ ಅಂದ್ರು. ಕಸ ಅಲ್ಲ, ಶೆಟ್ರು ಸೀಟು ಹಿಡಿದದ್ದು ಅಂತ ಅರಬಿಯಲ್ಲಿ ಹೇಳಿದೆ. ಇನ್ನೂ ಗಲಾಟೆ ಆಯ್ತು!"

ಅಬು ಖಾಲಿದ್ ಅವರಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ.

"ಖಲಾಸ್," ಎಂದರು ಅವರು. "ಬಟ್ ವೈ ಟವೆಲ್?"

ನಾನು ಕಾರ್ಕಳದ ಬಸ್ಸಿನಿಂದ ವಿವರಣೆ ಶುರು ಮಾಡಿದೆ.

ಸುಜಾತಾ ನನ್ನ ಕಡೆ ನೋಡದೆ ಕೇಳಿದಳು, "ನಾಳೆ ಅಮ್ಮನಿಗೆ ಎಂತ ಹೇಳುದು?"

"ಹೇಳುದೆಂತ?" ಎಂದರು ಹಮೀದಾಕ. "ನಮ್ಮಲ್ಲಿಗೆ ಬರ್ಲಿ. ಹೆಂಗಸರ ಬದಿಯಲ್ಲಿ ಇಬ್ಬರಿಗೆ ಜಾಗ ಉಂಟು." ಆಮೇಲೆ ನನ್ನತ್ತ ತಿರುಗಿದರು. "ನಿಮಗೆ ಇಲ್ಲ ಶೆಟ್ರೆ."

ಅತ್ತೆ ನಿಗದಿಯಂತೆ ಶನಿವಾರ ಬಂದಿಳಿದು, ಸುಜಾತಾಳೊಂದಿಗೆ ಹಮೀದಾಕನ ಕ್ಯಾಂಪ್ ಸೇರಿದರು. ಕಿಟಕಿಯಿಲ್ಲದ ಕ್ಯಾರವಾನ್ ಈಗ ಅಲ್ ಮನ್ಸೂರಾದಲ್ಲಿ, ನಮ್ಮ ಕಟ್ಟಡದ ಹಿಂದೆ ನಿಂತಿದೆ. ಅದರ ಒಳಗಿನ ಮರಳು ತೆಗೆಯುವ ಕೆಲಸ ನನ್ನದು.

ಇಂದು ಬೆಳಿಗ್ಗೆ ಸುಜಾತಾ ಒಂದು ಫೋಟೊ ಕಳುಹಿಸಿದ್ದಾಳೆ. ಅತ್ತೆ ಸಮುದ್ರಕ್ಕೆ ಮುಖ ಮಾಡಿ ಮರಳಿನಲ್ಲಿ ಕೂತಿದ್ದಾರೆ. ಅವರ ಕೆಳಗಿರುವುದು ಹಮೀದಾಕ ಕಸದ ಲಾರಿಯಿಂದ ಉಳಿಸಿಕೊಂಡ ನೀಲಿ ಗೆರೆಯ ಟವೆಲು. ಅದರ ಮೇಲೆ ಬೇರೆ ಯಾರೂ ಕೂತಿಲ್ಲ.