ಬಾಗಿಲಲ್ಲಿ ತಿರುಗಿ ನೋಡಿದವನು

ಮುಗಿಯುವ ಧಾರಾವಾಹಿ ನೋಡಿ ನಮ್ಮ ಮನೆಯವರಿಗೆ ಅಭ್ಯಾಸವಿಲ್ಲ. ನಮ್ಮ ಟೀವಿಯಲ್ಲಿ ಅತ್ತೆಯೊಬ್ಬಳು ಸೊಸೆಯ ಕೆನ್ನೆಗೆ ಬಾರಿಸಲು ಕೈಯೆತ್ತಿದರೆ, ಆ ಕೈ ಕೆಳಗಿಳಿಯುವಷ್ಟರಲ್ಲಿ ಒಂದು ದಸರೆ ಬಂದು ಹೋಗಿರುತ್ತದೆ. ಹೀಗಿರುವಾಗ ಮಗಳು ಪಲ್ಲವಿ ಕೊರಿಯಾದ ಪ್ರೇಮಕಥೆಯೊಂದನ್ನು ಮನೆಗೆ ತಂದಳು. ಕೊರಿಯಾದವರು ಹಿಂದಿಯಲ್ಲಿ ಮಾತಾಡುತ್ತಿದ್ದರು. ಹೆಂಡತಿ ಸುಮಂಗಲಾ ಮೊದಲ ಕಂತಿಗೇ ಒಲಿದಳು. "ಚಪ್ಲಿ ಹೊರಗ ಬಿಟ್ಟು ಮನಿಯೊಳಗ ಬರ್ತಾರ, ಹಿರ್ಯಾರಿಗೆ ಬಗ್ಗಿ ನಮಸ್ಕಾರ ಮಾಡ್ತಾರ. ಭಾಳ ಛಲೋ ಮಂದಿ ಬಿಡ್ರಿ" ಎಂದಳು.

ನಾನು ಪೇಪರಿನ ಮರೆಯಿಂದ ಕದ್ದು ನೋಡುತ್ತಿದ್ದವನು, ಮೂರನೇ ಕಂತಿಗೆ ಪೇಪರು ಮಡಚಿಟ್ಟೆ. ಎಂಥ ಹದ ಅವರದು! ಒಂದೇ ಛತ್ರಿಯಡಿ ಇಬ್ಬರು ಇಡೀ ಬೀದಿ ನಡೆದರೂ ಕೈಗೆ ಕೈ ತಾಗುವುದಿಲ್ಲ, ನೋಡುವವರ ಎದೆ ಮಾತ್ರ ಡವಡವ. ಕಡೆಯ ಕಂತಿನಲ್ಲಿ, ಮುನಿಸಿಕೊಂಡು ದೂರವಾಗಿದ್ದ ನಾಯಕ ಕಡಲ ದಂಡೆಯಲ್ಲಿರುವ ನಾಯಕಿಯ ಖಾನಾವಳಿಗೆ ಮಳೆಯಲ್ಲಿ ಬರುತ್ತಾನೆ. ಒಂದು ಬಟ್ಟಲು ಸಾರು ಕುಡಿಯುತ್ತಾನೆ. ಇಬ್ಬರಿಗೂ ಮಾತಿಲ್ಲ. ಎದ್ದು ಹೊರಡುತ್ತಾನೆ, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡುತ್ತಾನೆ, ಪರದೆ ಬೆಳ್ಳಗಾಗುತ್ತದೆ. ಅಷ್ಟೇ! ನೆಟ್ ಹೋಯಿತೆಂದು ನಾನು ಗೋಡೆಯ ಡಬ್ಬಿಗೆ ಎರಡು ಬಾರಿ ತಟ್ಟಿದೆ.

ಅಲ್ಲಿಂದ ಜಗಳ ಶುರುವಾಯಿತು. "ಅವ ಬಿಟ್ಟು ಹೋದ. ಕಡೀ ಸಲ ಅಂತ ತಿರುಗಿ ನೋಡಿದ" ಎಂದು ಪಲ್ಲವಿ ಮೂಗು ಒರೆಸಿಕೊಂಡಳು.

"ತಿರುಗಿ ನೋಡ್ದಾವ ಬಂದ ಬರ್ತಾನ" ಎಂದಳು ಸುಮಂಗಲಾ. "ನಿಮ್ಮಪ್ಪ ನಮ್ಮೂರು ಯಳವತ್ತಿಗೆ ನನ್ನ ನೋಡಾಕ ಬಂದಾಗ ಉಪ್ಪಿಟ್ಟು ತಿಂದ್ರು, ತುಟಿ ಪಿಟಕ್ ಅನ್ನಲಿಲ್ಲ. ಹಿರ್ಯಾರು 'ಹೇಳಿ ಕಳಸ್ತೀವ್ರಿ' ಅಂತ ಎದ್ರು. ಆದ್ರ ಅಂಗಳದಾಗ ಇವ್ರು ಒಮ್ಮೆ ತಿರುಗಿ ನೋಡಿದ್ರು. ನನಗ ಅವಾಗ ತಿಳೀತು."

ಇಬ್ಬರೂ ತೀರ್ಪಿಗಾಗಿ ನನ್ನ ಕಡೆ ತಿರುಗಿದರು. ಬೆಟಗೇರಿಯಲ್ಲಿ ನನ್ನದೊಂದು ಸೀರೆ ಅಂಗಡಿ. ಇಂಥ ಮುಕ್ತಾಯಗಳನ್ನು ನಾನು ದಿನಾಲೂ ನೋಡುವವನು. ಅರ್ಧ ಅಂಗಡಿ ಬಿಚ್ಚಿಸಿದ ಗಿರಾಕಿ "ನೋಡಿ ಬರ್ತೀವ್ರಿ" ಎಂದು ಇಳಿದು ಹೋದರೆ, ಮೆಟ್ಟಿಲಲ್ಲಿ ತಿರುಗಿ ನೋಡಿದಳೋ ಇಲ್ಲವೋ ಎಂಬುದೇ ಮುಖ್ಯ. ನೋಡಿದಳೆಂದರೆ ಆ ಸೀರೆಯನ್ನು ಬೇರೆಯೇ ಇಡುತ್ತೇನೆ, ಸಂಜೆಯೊಳಗೆ ಬರುತ್ತಾಳೆ. ಹೀಗಾಗಿ ಕಸುಬಿನ ಪ್ರಕಾರ ನಾನು ಹೆಂಡತಿಯ ಪಕ್ಷ. ತೊಂದರೆ ಏನೆಂದರೆ, ಯಳವತ್ತಿಯ ಅಂಗಳದಲ್ಲಿ ನಾನು ತಿರುಗಿದ್ದು ಚಪ್ಪಲಿಗಾಗಿ! ಹೆಣ್ಣು ನೋಡಲೆಂದೇ ಲಕ್ಷ್ಮೇಶ್ವರದಲ್ಲಿ ಕೊಂಡ ಹೊಸ ಜೋಡಿನಲ್ಲಿ ಒಂದು ಕಾಣೆಯಾಗಿತ್ತು. ತಿರುಗಿದ್ದಕ್ಕೆ ಅರ್ಥವಿಲ್ಲ ಎಂದರೆ ನನ್ನ ಸಂಸಾರದ ಬುನಾದಿಯೇ ಅಲುಗುತ್ತದೆ. ಇಷ್ಟು ವರ್ಷ ಆಕೆ ನಂಬಿದ್ದನ್ನು ಕೆಡಿಸಲು ನನಗೆ ನಿಜಕ್ಕೂ ಮನಸ್ಸಿರಲಿಲ್ಲ.

"ಬರ್ತಾನವಾ, ಖರೆ ಬರ್ತಾನ" ಎಂದೆ.

ಪಲ್ಲವಿ ಬಿಡಲಿಲ್ಲ. "ಅಪ್ಪಾ, ನೀವು ಅವ್ವನ್ನ ನೋಡಾಕನ ತಿರುಗಿದ್ರೇನು?"

ಮಡಚಿಟ್ಟ ಪೇಪರನ್ನು ನಾನು ಮತ್ತೆ ಬಿಚ್ಚಿದೆ. ಸುಮಂಗಲಾ ನಕ್ಕಳು. "ಎಲ್ಲೀದವಾ! ಚಪ್ಲಿ ಹುಡುಕಾಕತ್ತಿದ್ರು."

"ನಿನಗ ಗೊತ್ತಿತ್ತೇನು?" ಎಂದೆ.

"ಗೊತ್ತಿಲ್ದ ಏನ್ರಿ? ಬಾಗಲಾ ಹಿಂದ ಇಟ್ಟಾಕಿ ನಾನ. ನನ್ನ ತಂಗಿ ಕಡೆ ಕೊಟ್ಟು ಕಳಿಸಿದಾಕಿನೂ ನಾನ. ಚಪ್ಲಿ ಕಾಲಾಗ ಬಂದ ಮ್ಯಾಲೂ ನೀವು ಬಾಗಲಾ ನೋಡ್ಕೋತ ನಿಂತ್ರಿ. ಅದಕ್ಕ ತಿಳೀತು ಅಂದೆ."

ನಿಂತಿದ್ದೆನೇ? ನಿಂತೇ ಇದ್ದೆ. ನನಗೇ ಗೊತ್ತಿರದ ನನ್ನ ಕಥೆಯ ಮುಕ್ತಾಯವನ್ನು ಇವಳು ಅಂದೇ ಓದಿದ್ದಳು. ಎಂಥ ಹೆಣ್ಣು ನನ್ನ ಪಾಲಿಗೆ ಬಂದಳು ಎಂದು ಹೆಮ್ಮೆಯಿಂದ ಎದೆ ತುಂಬಿತು.

"ಈ ಖಾನಾವಳಿ ಹುಡುಗಿನೂ ಶಾಣ್ಯಾಕಿ ಇದ್ರ, ಅವನ ಛತ್ರಿ ಒಳಗ ಇಟ್ಟುಕೊಂಡಿರ್ತಾಳ ನೋಡು" ಎಂದಳು ಸುಮಂಗಲಾ. ಪಲ್ಲವಿ ಹಿಂದಕ್ಕೆ ಓಡಿಸಿ ಚಿತ್ರ ನಿಲ್ಲಿಸಿದಳು. ಬರುವಾಗ ಅವನ ಕೈಯಲ್ಲಿದ್ದ ಛತ್ರಿ ಹೋಗುವಾಗ ಇರಲಿಲ್ಲ. ನಾಯಕಿಯ ಬೆನ್ನ ಹಿಂದೆ ಅದರ ಕಪ್ಪು ಹಿಡಿಕೆ ಇಣುಕುತ್ತಿತ್ತು. ಪಲ್ಲವಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

ಈಗ ಅಂಗಡಿಯ ಮೆಟ್ಟಿಲ ಬಳಿ ಗಿರಾಕಿಗಳು ಬಿಟ್ಟ ಚಪ್ಪಲಿ ಕಂಡರೆ ನನ್ನ ಕೈ ತುರಿಸುತ್ತದೆ. ಒಂದನ್ನು ಗಾದಿಯಡಿ ತಳ್ಳಿಬಿಡಲೇ ಎಂದು ಬಗ್ಗುತ್ತೇನೆ, ಯಾರಾದರೂ ನೋಡಿದರೆ ಎಂದು ಎದ್ದು ನಿಲ್ಲುತ್ತೇನೆ. ಸುಮಂಗಲಾಳ ಧೈರ್ಯ ನನಗಿಲ್ಲ. ಅವಳಿಗೆ ಗಿರಾಕಿ ಸಿಕ್ಕ, ನಾನು ಇನ್ನೂ ಸೀರೆ ಮಡಚುತ್ತಿದ್ದೇನೆ.